ಒಂದು ದಿನದ ಮಟ್ಟಿಗೆ ಅಜ್ಜಿ

ನವೆಂಬರ್ 3, ಸೋಮವಾರ

ಮತ್ತೆ ಅದೇ ಆಸ್ಪತ್ರೆಯ ಲಿಫ್ಟು ರಿಪೇರಿ. ಎರಡನೇ ಮಹಡಿಗೂ ಮೂರನೆಯದಕ್ಕೂ ನಡುವೆ ನಿಂತಿತ್ತು. ಒಳಗೆ ಒಬ್ಬ ಡಾಕ್ಟರು, ನನಗೆ ಬೈಯುತ್ತ. ಕೈ ಹಿಡಿದು ಹೊರಗೆಳೆಯುವಾಗಲೂ ಬೈಗುಳ ನಿಲ್ಲಲಿಲ್ಲ. ಬಾಗಿಲಿನ ರೋಲರ್ ಸವೆದಿದೆ, ಬದಲಾಯಿಸಿ ಎಂದು ಹೇಳಿ ಹೇಳಿ ನನ್ನ ನಾಲಿಗೆಯೂ ಸವೆಯಿತು.

ಮನೆಗೆ ಬಂದರೆ ಅತ್ತೆ ಹಾಲ್‌ನಲ್ಲಿ ಕುರ್ಚಿಗಳನ್ನು ಎರಡು ಸಾಲು ಜೋಡಿಸಿ ರಿಹರ್ಸಲ್ ನಡೆಸಿದ್ದಾರೆ. ಶುಕ್ರವಾರ ಮಗಳ ಶಾಲೆಯಲ್ಲಿ ಹಿರಿಯರ ದಿನ. ಒಂದನೇ ಕ್ಲಾಸಿನ ಪ್ರತಿ ಮಗುವೂ ಅಜ್ಜನನ್ನೋ ಅಜ್ಜಿಯನ್ನೋ ಕರೆತರಬೇಕು. ಅವರು ತಮಗೆ ಗೊತ್ತಿರುವ ಒಂದು ಕೆಲಸ ಮಾಡಿ ತೋರಿಸಬೇಕು. ಅತ್ತೆ ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. ಕ್ಲಾಸನ್ನೇ ಬಸ್ಸು ಮಾಡುತ್ತಾರಂತೆ. ಎರಡು ಬೆರಳು ಬಾಯಿಗಿಟ್ಟು ವಿಷಲ್ ಹೊಡೆದರು. ಪಕ್ಕದ ಮನೆಯ ನಾಯಿ ಬಾಲ ಮುದುರಿಕೊಂಡು ಓಡಿತು.

"ಮುಂದೆ ಹೋಗಿ ಸಾರ್, ಬಾಗ್ಲಲ್ಲಿ ನಿಲ್ಬೇಡಿ!" ಹೇಳಿದ್ದು ನನಗೇ. ತೆಪ್ಪಗೆ ಮುಂದೆ ಹೋದೆ.

ಹೆಂಡತಿ ತನ್ನ ಅಮ್ಮನನ್ನು ನಮ್ಮ ಜೊತೆ ಇರಲು ಕರೆತಂದು ಎರಡು ತಿಂಗಳಷ್ಟೇ. ಮಂಡಿನೋವು, ಹೊಸ ಊರು, ಗುರುತಿನವರು ಯಾರೂ ಇಲ್ಲ. ಅತ್ತೆಯನ್ನು ಇಷ್ಟು ಖುಷಿಯಲ್ಲಿ ನೋಡಿದ್ದು ಇದೇ ಮೊದಲು. ಮಗಳು ಬಟಾಣಿಯ ಕಾಲಂತೂ ನೆಲದ ಮೇಲೆ ನಿಲ್ಲುತ್ತಿಲ್ಲ.

ನವೆಂಬರ್ 5, ಬುಧವಾರ

ಊಟದ ಹೊತ್ತಿಗೆ ಬಾಂಬು.

"ಅಪ್ಪಾ, ಅಜ್ಜೀನ ಕೊಟ್ಬಿಟ್ಟೆ."

"ಕೊಟ್ಬಿಟ್ಯಾ? ಯಾರಿಗೆ?"

"ನನ್ನ ಪಕ್ಕ ಕೂರೋ ಹೊಸ ಹುಡುಗಿಗೆ. ಅವಳಿಗೆ ಅಜ್ಜೀನೂ ಇಲ್ಲ, ಅಜ್ಜಾನೂ ಇಲ್ಲ. ಅಮ್ಮ ಒಬ್ರೇ. ಶುಕ್ರವಾರ ಹೊಟ್ಟೆನೋವು ಅಂತ ಸುಳ್ಳು ಹೇಳಿ ಮನೇಲೇ ಇರ್ತೀನಿ ಅಂತಿದ್ಲು. ಅದಕ್ಕೆ ಕೊಟ್ಟೆ. ಒಂದೇ ದಿನಕ್ಕೆ."

ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಇಬ್ಬರಿಗೂ ಒಬ್ಬರೇ ಅಜ್ಜಿ ಆಗಬಾರದೇನೇ ಅಂದೆ. ಆಗಲ್ಲವಂತೆ. ಟೀಚರ್ ರೂಲು— ಒಂದು ಮಗುವಿನ ಪಕ್ಕ ಒಂದು ಕುರ್ಚಿ, ಒಬ್ಬರೇ ಹಿರಿಯರು. "ಮತ್ತೆ ಅರ್ಧ ಅಜ್ಜಿ ಕೊಟ್ರೆ ಅದು ಕೊಟ್ಟಂಗಾ?"

ಹೆಂಡತಿಗೆ ನಗು ತಡೆಯಲಾಗದೆ ನೀರು ನೆತ್ತಿಗೇರಿತು. ಅತ್ತೆ ನಗಲಿಲ್ಲ. ತಟ್ಟೆ ಎತ್ತಿಕೊಂಡು ಎದ್ದರು. ಆಮೇಲೆ ಅಡುಗೆಮನೆಯಲ್ಲಿ ನನ್ನ ಹೆಂಡತಿಗೆ ಹೇಳಿದ್ದು ಇಲ್ಲಿಗೂ ಕೇಳಿಸಿತು. "ಬಂದು ಎರಡು ತಿಂಗಳಿಗೇ ಬೇಡವಾದೆ ನೋಡೇ."

ಮಗಳ ಬೆನ್ನು ತಟ್ಟಬೇಕೋ ಕಿವಿ ಹಿಂಡಬೇಕೋ ತಿಳಿಯುತ್ತಿಲ್ಲ. ಎಲ್ಲರ ಪಕ್ಕದಲ್ಲೂ ಯಾರಾದರೂ ಇರುತ್ತಾರೆ, ಇವಳು ಮಾತ್ರ ಒಬ್ಬಳೇ ಕೂರುತ್ತಾಳಲ್ಲ... ಅದೊಂದು ಸಂಕಟ ಬೇರೆ.

ನವೆಂಬರ್ 6, ಗುರುವಾರ, ಬೆಳಿಗ್ಗೆ

ಕುರ್ಚಿಗಳು ಮತ್ತೆ ಗೋಡೆಗೆ. ಅತ್ತೆಗೆ ಮಂಡಿ ಜಾಸ್ತಿ ನೋಯುತ್ತಿದೆಯಂತೆ, ನಾಳೆ ಹೋಗುವುದು ಅನುಮಾನವಂತೆ. ಬಟಾಣಿ ಹಲ್ಲುಜ್ಜುವುದನ್ನು ಅರ್ಧಕ್ಕೇ ಬಿಟ್ಟು ಬಂದಳು, ಬಾಯಿ ತುಂಬ ನೊರೆ.

"ಅಜ್ಜೀ, ಕೋಪಾನಾ?"

"ನಂಗ್ಯಾಕಮ್ಮಾ ಕೋಪ? ಹಳೇ ಸಾಮಾನು ತಾನೇ. ಯಾರಿಗೆ ಬೇಕಾದ್ರೂ ಕೊಡ್ಬಹುದು."

"ಹಳೇ ಸಾಮಾನಲ್ಲ!" ಕಾಲು ಅಪ್ಪಳಿಸಿದಳು. "ಹಳೇದು ಕೊಟ್ರೆ ಅವಳಿಗೆ ಬೇಜಾರಾಗಲ್ವಾ? ನನ್ನ ಹತ್ರ ಇರೋದ್ರಲ್ಲಿ ಯಾವ್ದು ತುಂಬಾ ತುಂಬಾ ಚೆನ್ನಾಗಿದ್ಯೋ ಅದನ್ನೇ ಕೊಟ್ಟಿದ್ದು!"

ನೊರೆ ಅತ್ತೆಯ ತೋಳಿನ ಮೇಲೆಲ್ಲ ಹಾರಿತು. ಅವರು ಒರೆಸಿಕೊಳ್ಳಲಿಲ್ಲ. "ಮೊದಲು ಬಾಯಿ ತೊಳ್ಕೊ. ಆ ಹುಡುಗಿಗೆ ಯಾವ ಬಣ್ಣ ಇಷ್ಟ, ಕೇಳ್ಕೊಂಡು ಬಾ. ಟಿಕೆಟ್ಟು ಆ ಬಣ್ಣದ ಪೇಪರಲ್ಲೇ ಕತ್ತರಿಸೋಣ" ಅಂದರು.

ಬೂಟಿನ ಲೇಸು ಕಟ್ಟುತ್ತ ಕೂತಿದ್ದ ನಾನು ಕಟ್ಟುತ್ತಲೇ ಇದ್ದೆ. ತಲೆ ಎತ್ತಿದರೆ ಕಣ್ಣು ಒದ್ದೆಯಾಗಿದ್ದು ಇಬ್ಬರಿಗೂ ಕಾಣಿಸಿಬಿಡುತ್ತಿತ್ತು.

ನವೆಂಬರ್ 7, ಶುಕ್ರವಾರ

ಶಾಲೆಯ ಕಡೆ ತಲೆ ಹಾಕಕೂಡದೆಂದು ಬಟಾಣಿಯ ಆರ್ಡರ್. "ನೀನು ಬಂದು ಅತ್ತೇ ಅಂದ್ರೆ ಎಲ್ರಿಗೂ ಗೊತ್ತಾಗತ್ತೆ." ಮಾತು ಕೊಟ್ಟಿದ್ದೆ. ಹನ್ನೊಂದರವರೆಗೆ ಉಳಿಸಿಕೊಂಡೆ. ಆಮೇಲೆ ಟೂಲ್ ಬ್ಯಾಗ್ ಹೆಗಲಿಗೇರಿಸಿ ಹೊರಟೇಬಿಟ್ಟೆ. ಬಾಗಿಲ ಸಂದಿಯಿಂದ ಒಂದು ಸಲ ನೋಡಿ ಬಂದರಾಯಿತು ಅಂತ.

ಎಲ್ಲ ಮಕ್ಕಳ ಪಕ್ಕದಲ್ಲೂ ಒಬ್ಬೊಬ್ಬರು. ನನ್ನ ಮಗಳ ಪಕ್ಕದ ಕುರ್ಚಿ ಖಾಲಿ. ಅದರ ಮೇಲೆ ತನ್ನ ಸ್ಕೂಲ್ ಬ್ಯಾಗನ್ನು ನೆಟ್ಟಗೆ ಕೂರಿಸಿದ್ದಾಳೆ.

ಅತ್ತೆಯ ಸರದಿ. ಹೊಸ ಹುಡುಗಿಯ ಕೈ ಹಿಡಿದು ಎದ್ದು, "ನಾನು ಇವಳ ಅಜ್ಜಿ" ಅಂದರು. ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ದನಿ. ಆ ಹುಡುಗಿಯ ಮುಖ ನೋಡಬೇಕಿತ್ತು! ವಿಷಲ್ ಬಿತ್ತು. ಮಕ್ಕಳು, ಅಜ್ಜ ಅಜ್ಜಿಯರು, ಎಲ್ಲ ಬಸ್ಸು ಹತ್ತಿದರು. "ರೈಟ್, ರೈಟ್!" ಹೊಸ ಹುಡುಗಿ ಠೀವಿಯಿಂದ ಹಳದಿ ಟಿಕೆಟ್ ಹರಿದು ಹರಿದು ಕೊಡುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವಳು ಬಟಾಣಿ. ಅತ್ತೆ ಅವಳ ಹತ್ತಿರ ಬಂದರು, ಗುರುತೇ ಇಲ್ಲದವರ ಹಾಗೆ.

"ಎಲ್ಲಿಗಮ್ಮಾ?"

"ಕೊನೇ ಸ್ಟಾಪು."

"ಒಬ್ಳೇನಾ?"

"ಹ್ಞೂಂ. ಮನೇಗೆ ಹೋದ್ಮೇಲೆ ನಮ್ಮಜ್ಜಿ ಸಿಗ್ತಾರೆ."

ಅತ್ತೆ ಮುಂದಿನ ಸ್ಟಾಪು ಕೂಗುವುದನ್ನೇ ಮರೆತು ನಿಂತರು. ನನಗೆ ತಡೆಯಲಾಗಲಿಲ್ಲ. "ಅತ್ತೇ—" ಅಂದುಬಿಟ್ಟೆ.

ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು. ಬಟಾಣಿ ಕಣ್ಣು ಕೆಕ್ಕರಿಸಿದಳು. ಹೊಸ ಹುಡುಗಿ ಟಿಕೆಟ್ ಹರಿಯುವುದನ್ನು ನಿಲ್ಲಿಸಿದಳು. ಏನೂ ತೋಚದೆ, "ಲಿಫ್ಟ್ ರಿಪೇರಿಗೆ ಬಂದಿದ್ದೆ" ಅಂದೆ.

ಶಾಲೆಗೆ ಇರುವುದು ನೆಲಮಹಡಿ ಒಂದೇ. ಮೇಲೆ ಆಕಾಶ.

ಟೀಚರ್ ನನ್ನನ್ನು ಚೆನ್ನಾಗಿ ಬಲ್ಲವರು. ನನ್ನನ್ನು ನೋಡಿದರು, ಬಟಾಣಿಯನ್ನು ನೋಡಿದರು, ಅತ್ತೆಯನ್ನು ನೋಡಿದರು. "ಆ ಕಡೆ ಇದೆ ಸಾರ್, ಹೋಗಿ" ಎಂದು ಕಾರಿಡಾರಿನ ಗೋಡೆ ತೋರಿಸಿದರು. ಸ್ವಲ್ಪವೂ ನಗಲಿಲ್ಲ. ಹೋದೆ. ಎಲ್ಲರೂ ನೋಡುತ್ತಿದ್ದರಲ್ಲ, ಸ್ಪ್ಯಾನರ್ ತೆಗೆದು ಗೋಡೆಯನ್ನು ನಾಲ್ಕು ಕಡೆ ತಟ್ಟಿಯೂ ಬಂದೆ. ಹಿಂದೆ ಬಸ್ಸು ಮತ್ತೆ ಹೊರಟ ಸದ್ದು ಕೇಳಿಸಿತು.

ಸಂಜೆ ಬಟಾಣಿ ಬಂದವಳೇ ಬ್ಯಾಗ್ ಬಿಸಾಕಿ ಅತ್ತೆಯ ತೊಡೆ ಹತ್ತಿದಳು. "ವಾಪಸ್ ಬಂದ್ಯಾ?" ಅಂತ ಕೇಳಿದಳು. ಹೆಂಡತಿ ಎಲ್ಲ ಕೇಳಿಸಿಕೊಂಡು ನಕ್ಕಳು, ನಗುತ್ತ ನಗುತ್ತ ಅತ್ತಳು. ಇಂಥ ಬುದ್ಧಿ ಇವಳಿಗೆ ಎಲ್ಲಿಂದ ಬಂತೋ. ನನ್ನಿಂದಂತೂ ಅಲ್ಲ. ಯಾರಾದರೂ ಸ್ಕ್ರೂಡ್ರೈವರ್ ಕೇಳಿದರೆ ಮೊಂಡಾಗಿದ್ದನ್ನು ಹುಡುಕಿ ಕೊಡುವವನು ನಾನು. ಹೆಮ್ಮೆ, ಹೆಮ್ಮೆ, ಹೆಮ್ಮೆ. ಇಲ್ಲಿ ಬರೆದುಕೊಳ್ಳದೆ ಇನ್ನೆಲ್ಲಿ ಹೇಳಿಕೊಳ್ಳಲಿ.

ನವೆಂಬರ್ 15, ಶನಿವಾರ, ಸಂಜೆ

ವಾರದಿಂದ ಬರೆಯಲು ಪುರುಸೊತ್ತಿಲ್ಲ. ಮನೆ ಮನೆಯಾಗಿ ಉಳಿದಿಲ್ಲ. ಹೊಸ ಹುಡುಗಿ ಶಾಲೆ ಬಿಟ್ಟ ಮೇಲೆ ನೇರ ಇಲ್ಲಿಗೇ, ಅವಳಮ್ಮ ಕೆಲಸ ಮುಗಿಸಿ ಬಂದು ಕರೆದೊಯ್ಯುವವರೆಗೂ. ಅತ್ತೆಗೆ ಮಂಡಿ ಎಂಬುದೊಂದು ಇದೆ ಅನ್ನುವುದೇ ಮರೆತಿದೆ.

"ನಿಮ್ಮನ್ನ ಹಂಚಿಬಿಟ್ಟಳಲ್ಲ ಅತ್ತೆ" ಎಂದು ರೇಗಿಸಿದೆ.

"ಅಳಿಯಂದ್ರೇ, ನಿಮಗೆ ಹೊಟ್ಟೆಕಿಚ್ಚು. ನಿಮ್ಮನ್ನ ಯಾರೂ ಕೇಳಲಿಲ್ಲ ಅಂತ."

ಸುಳ್ಳೇಕೆ ಬರೆಯಲಿ, ಸ್ವಲ್ಪ ನಾಟಿತು.

ಈಗ ತಾನೇ ಬಟಾಣಿ ಬಂದು ಎದುರಿಗೆ ನಿಂತಳು. ಮುಂದಿನ ವಾರ ಶಾಲೆಯಲ್ಲಿ ಆಟೋಟ. ಅಪ್ಪಂದಿರಿಗೂ ಮಕ್ಕಳಿಗೂ ಮೂರು ಕಾಲಿನ ಓಟ. ಹಿಂದಿನ ಬೆಂಚಿನ ಹುಡುಗನ ಅಪ್ಪ ಏಣಿಯಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಾರಂತೆ.

"ಅದಕ್ಕೆ?"

"ನಿನ್ನ ಕೊಟ್ಬಿಟ್ಟೆ."

"ನನ್ನನ್ನಾ? ಮತ್ತೆ ನಿನ್ನ ಜೊತೆ ಯಾರೇ ಓಡೋದು?"

"ನಾನು ಗೆರೆ ಹತ್ರ ನಿಂತು ಕೂಗ್ತೀನಿ. ನೀನು ಬೀಳ್ಬೇಡ ಮತ್ತೆ."

ಗದರಲು ಬಾಯಿ ತೆರೆದೆ. ಆಗ ಹೊಳೆಯಿತು. ತನ್ನ ಹತ್ತಿರ ಇರುವುದರಲ್ಲಿ ತುಂಬಾ ಚೆನ್ನಾಗಿರುವುದನ್ನೇ ಕೊಡುವವಳು ಇವಳು. ನನ್ನನ್ನು ಕೊಟ್ಟಳು. ನನ್ನನ್ನು! ಹಿಗ್ಗು ತಡೆಯಲಾಗದೆ ಇದನ್ನು ಬರೆಯಲು ಕೂತೆ, ಅಕ್ಷರವೆಲ್ಲ ಸೊಟ್ಟಗೆ ಬರುತ್ತಿದೆ.

ಆ ಹುಡುಗ ಆಗಲೇ ಬಾಗಿಲಲ್ಲಿ ಪ್ರತ್ಯಕ್ಷ. ಕೈಯಲ್ಲೊಂದು ಟವೆಲ್ಲು. ನನ್ನ ಕಾಲುಗಳನ್ನೇ ಅಳೆದು ನೋಡುತ್ತಿದ್ದಾನೆ. ಬಟಾಣಿ ಕೂಗುತ್ತಿದ್ದಾಳೆ, "ಅಪ್ಪಾ, ಪ್ರಾಕ್ಟೀಸು!" ಬಲಗಾಲಿಗೆ ಕಟ್ಟುವುದೋ ಎಡಗಾಲಿಗೋ... ಬಂದೆ ಕಣೇ, ಬಂದೆ—