ನೀವು ಹೇಳುತ್ತಿದ್ದ ಸಿನಿಮಾಗಳು

ಅತ್ತೆಯವರೇ, ನಿಮ್ಮ ಸೊಸೆ ಸುಮನಳ ನಮಸ್ಕಾರ.

ಇವತ್ತು ವರ್ಷದ ಕೊನೆಯ ದಿನ. ಮಧ್ಯಾಹ್ನದ ಊಟ ಮುಗಿದಿದೆ, ನಿಮ್ಮ ಮಗ ಹಂಚಿನ ಕಾರ್ಖಾನೆಗೆ ಹೋಗಿದ್ದಾರೆ. ಖಾನಾಪುರದ ಮೇಲೆ ಬೆಳಿಗ್ಗೆ ಇಳಿದ ಮಂಜು ಹತ್ತು ಹೊಡೆದರೂ ಏಳಲಿಲ್ಲ. ಸ್ಟೇಶನ್ನಿನ ಕಡೆಯಿಂದ ಗಾಡಿಯ ಸದ್ದು ಬಂತು, ಗಾಡಿ ಮಾತ್ರ ಕಾಣಲಿಲ್ಲ. ನಿಮಗೆ ಕೊನೆಯ ವರ್ಷಗಳಲ್ಲಿ ಲೋಕವೆಲ್ಲ ಹೀಗೇ ಇತ್ತೇ? ಕೇಳಬೇಕು ಎಂದುಕೊಂಡು ಕೇಳದೇ ಉಳಿದವುಗಳಲ್ಲಿ ಇದೂ ಒಂದು.

ಹಳೆಯ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ ಹೊಸದನ್ನು ಹಾಕುವ ಮೊದಲು ನಾವಿಬ್ಬರೂ ಪಡಸಾಲೆಯಲ್ಲಿ ಕೂತು ವರ್ಷವನ್ನು ನೆನೆಯುತ್ತಿದ್ದುದು ನೆನಪಿದೆಯಲ್ಲ? ಒಂದು ಸಿನಿಮಾ, ಒಂದು ಪುಸ್ತಕ, ಪೇಪರಿನಲ್ಲಿ ಬಂದ ಒಂದು ಒಳ್ಳೆಯ ಸುದ್ದಿ, ಉಪಕಾರ ನೆನೆಯಬೇಕಾದ ಒಬ್ಬ ಮನುಷ್ಯ. ಹೋದ ವರ್ಷ ನಾನು ನಮ್ಮವರು ಕ್ರಿಕೆಟ್ ಕಪ್ಪು ಗೆದ್ದದ್ದೇ ದೊಡ್ಡ ಸುದ್ದಿ ಎಂದೆ. ನೀವು ಒಪ್ಪಲಿಲ್ಲ. ನಿಮ್ಮ ತವರು ಕಣಕುಂಬಿಗೆ ಸಂಜೆಯೂ ಒಂದು ಬಸ್ಸು ಬಿಟ್ಟಿದ್ದಾರೆ ಎಂಬ ಎರಡು ಸಾಲಿನ ಸುದ್ದಿಯನ್ನೇ ಹಿಡಿದು ಕೂತಿರಿ. ಈ ಸಲ ಒಬ್ಬಳೇ ಕೂತು ನೋಡಿದೆ. ಬಾಯಿಗೆ ಒಂದು ಮಾತೂ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೆಳಗಾವಿಯಿಂದ ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ನನಗೆ ನಿಮ್ಮ ಬಗ್ಗೆ ಮೊದಲು ತಿಳಿದದ್ದೇ ನಿಮ್ಮ ಸಿನಿಮಾ ಹುಚ್ಚು. ತಿಂಗಳಿಗೊಂದು ಭಾನುವಾರ ಬೆಳಗಿನ ಗಾಡಿಗೆ ಬೆಳಗಾವಿಗೆ ಹೋಗುವುದು, ಮ್ಯಾಟಿನಿ ನೋಡುವುದು, ಸಂಜೆ ಗಾಡಿಗೆ ಮರಳುವುದು. ಗಂಡ ಸತ್ತವಳಿಗೆ ಸಿನಿಮಾ ಯಾಕೆ ಎಂದು ಓಣಿಯಲ್ಲಿ ಆಡಿಕೊಂಡವರಿದ್ದರು. ನೀವು ಅವರನ್ನೇ ಸೋಮವಾರ ಮಧ್ಯಾಹ್ನ ನಮ್ಮ ಪಡಸಾಲೆಗೆ ಕರೆದು, ನೋಡಿದ ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಬಾಯಿ ಮುಚ್ಚಿಸಿದಿರಂತೆ. ಆಮೇಲೆ ಅದೇ ರೂಢಿಯಾಯಿತು. ನಾಲ್ಕೈದು ಹೆಂಗಸರು ಅಕ್ಕಿ ಆರಿಸುತ್ತಲೋ ಬತ್ತಿ ಹೊಸೆಯುತ್ತಲೋ ಕೂತಿರುತ್ತಿದ್ದರು. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ನಿಮ್ಮ ಕತೆ ಸಾಗುತ್ತಿತ್ತು. ಹೀರೋ ಕನ್ನಡದಲ್ಲಿ ಕೇಳಿದರೆ ಅವನ ಅವ್ವ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಅಕ್ಕಿ ಆರಿಸುವ ಕೈಗಳು ಒಂದೊಂದಾಗಿ ನಿಂತುಬಿಡುತ್ತಿದ್ದವು. ಹಂಚಿನ ಸಂದಿಯಿಂದ ಬಿದ್ದ ಬಿಸಿಲಿನ ಕೋಲು ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ನಾನು ಚಹಾ ಹಿಡಿದುಕೊಂಡು ಬಂದವಳು ಹೊಸ್ತಿಲಲ್ಲೇ ನಿಂತು, ಚಹಾ ಆರಿಹೋಗಿ...

ಆ ಹಾರ್ಮೋನಿಯಂ ಮಾಸ್ತರನ ಸಿನಿಮಾ ನೋಡಿ ಬಂದ ಮರುದಿನ ನಡೆದದ್ದನ್ನು ಬರೆಯದೆ ಈ ಪತ್ರ ಮುಂದೆ ಹೋಗುವುದಿಲ್ಲ. ಹೆಂಡತಿಯ ಜೊತೆ ಜಗಳಾಡಿ ನಾಟಕದ ಕಂಪನಿಯ ಹಿಂದೆ ಹೋದ ಮಾಸ್ತರ ಮುದುಕನಾಗಿ ತಿರುಗಿ ಬರುತ್ತಾನೆ. ಬಾಗಿಲು ಬಡಿಯುತ್ತಾನೆ. ಅಲ್ಲಿಂದ ಮುಂದೆ ಆ ಸಿನಿಮಾದಲ್ಲಿ ಒಂದು ಮಾತೂ ಇರಲಿಲ್ಲ, ಬರೀ ವಾದ್ಯದ ಸದ್ದು. ಹೆಂಡತಿ ಒಳಗೆ ಚಿಲಕದ ಮೇಲೆ ಕೈಯಿಟ್ಟು ನಿಂತಿರುತ್ತಾಳೆ, ತೆಗೆಯುವುದಿಲ್ಲ. ಅವನು ಮೆಟ್ಟಿಲಿಳಿದು ಹೋಗುತ್ತಾನೆ. ನೀವು ಮಾತ್ರ ಸೋಮವಾರ ಹೆಂಗಸರ ಮುಂದೆ ಬೇರೆಯೇ ಹೇಳಿದಿರಿ.

"ಬಾಗಲಾ ತಗದ್ಲು. ಏನೂ ಅನ್ನಲಿಲ್ಲ. ಕಾಲಿಗಿ ನೀರ ಕೊಟ್ಲು, ಕೂಡಾಕ ಮಣಿ ಹಾಕಿದ್ಲು, ರೊಟ್ಟಿ ಬಡದು ಬಿಸಿಬಿಸಿ ನೀಡಿದ್ಲು. ಅಂವಾ ಒಂದ ತುತ್ತ ತಿಂದು ಅಳಾಕ ಹತ್ತಿದಾ."

ಆಗೆಲ್ಲ ನಾನೂ ನಿಮ್ಮ ಜೊತೆ ಬರುತ್ತಿದ್ದೆ, ಪಕ್ಕದಲ್ಲೇ ಕೂತು ಆ ಸಿನಿಮಾ ನೋಡಿದವಳು. ಮ್ಯಾಟ್ರಿಕ್ ಓದಿದವಳು, ತಪ್ಪು ಕಂಡರೆ ತಿದ್ದದೆ ಬಿಡಲು ಬಾರದವಳು. ನಗುತ್ತಲೇ ಅಂದೆ.

"ಇಲ್ರಿ ಅತ್ತಿ, ಅಕಿ ಬಾಗಲಾ ತಗಿಯೂದ ಇಲ್ಲ. ಅಂವಾ ಹಂಗ ಹೊಳ್ಳಿ ಹೋಗತಾನ."

ಹೌದೇನು, ಇರಬಹುದು ಬಿಡು ಎಂದಿರಿ. ಎದ್ದು ಒಳಗೆ ಹೋದಿರಿ. ಹೋಗುವಾಗ ನಿಮ್ಮ ಬಲಗೈ ಬಾಗಿಲಿನ ಚೌಕಟ್ಟನ್ನು ಗಾಳಿಯಲ್ಲಿ ಹುಡುಕಿತು. ಒಮ್ಮೆ ಸಿಗಲಿಲ್ಲ. ಮತ್ತೆ ಹುಡುಕಿತು. ಮೂವತ್ತು ವರ್ಷ ಓಡಾಡಿದ ಬಾಗಿಲು ಅದು. ಆಗ ನನಗೆ ಎಲ್ಲ ಒಟ್ಟಿಗೆ ತಿಳಿಯಿತು. ಅಕ್ಕಿಯಲ್ಲಿ ಉಳಿಯುತ್ತಿದ್ದ ಹರಳು, ಬಂದವರು ಮಾತಾಡುವ ತನಕ ನೀವು ಯಾರನ್ನೂ ಹೆಸರು ಹಿಡಿದು ಕರೆಯದೆ ಇದ್ದದ್ದು, ಥಿಯೇಟರಿನ ಮೆಟ್ಟಿಲ ಮೇಲೆ ನನ್ನ ಸೆರಗು ಹಿಡಿಯುತ್ತಿದ್ದದ್ದು. ನೀವು ಸಿನಿಮಾ ನೋಡುತ್ತಿರಲಿಲ್ಲ, ಕೇಳುತ್ತಿದ್ದಿರಿ. ಮಾತು ನಿಂತಲ್ಲಿ ಉಳಿದದ್ದನ್ನು ನೀವೇ ಕಟ್ಟಿಕೊಳ್ಳುತ್ತಿದ್ದಿರಿ.

ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ ನಿಮ್ಮನ್ನು ಕೇಳಿದೆ, ಯಾವಾಗಿನಿಂದ ಎಂದು. ಎರಡು ದೀಪಾವಳಿ ಆದವು ಎಂದಿರಿ. ನಮಗೇಕೆ ಹೇಳಲಿಲ್ಲ ಎಂದೆ. ನೀವು ಒದ್ದೆ ಸೀರೆಯ ಅಂಚನ್ನು ಬೆರಳಿನಿಂದ ತಡವುತ್ತ, "ಹೇಳಿದ್ರ ನನ್ನ ಸಿನಿಮಾಕ್ಕ ಯಾರು ಕರಕೊಂಡು ಹೋಗತಿದ್ರು?" ಎಂದಿರಿ.

ಬೆಳಗಾವಿಯ ಕಣ್ಣಿನ ಡಾಕ್ಟರರು ಬಹಳ ಹೊತ್ತು ನೋಡಿದರು. ಕಣ್ಣಿನ ಒಳಗಿನ ನರ ಒಣಗಿದೆ, ಹೋದ ಬೆಳಕು ತಿರುಗಿ ಬರುವುದಿಲ್ಲ, ಇದ್ದಷ್ಟನ್ನು ಕಾಪಾಡಬಹುದು ಎಂದರು. ಹೊರಗೆ ಬಂದಾಗ ಬಿಸಿಲು ಹಾಲಿನಂತೆ ಬೀದಿಯ ತುಂಬ ಚೆಲ್ಲಿತ್ತು, ಟಾಂಗಾಗಳು ಅದರಲ್ಲಿ ತೇಲಿದಂತೆ ಹೋಗುತ್ತಿದ್ದವು. ನಮ್ಮ ಗಾಡಿಗೆ ಇನ್ನೂ ನಾಲ್ಕು ತಾಸು ಇತ್ತು. ನಾನು ನಿಮ್ಮನ್ನು ಸ್ಟೇಶನ್ನಿಗೆ ಕರೆದೊಯ್ಯಲಿಲ್ಲ, ಮ್ಯಾಟಿನಿಗೆ ಕರೆದೊಯ್ದೆ. ದೀಪ ಆರಿದ ಮೇಲೆ ನಿಮ್ಮ ಕಿವಿಗೆ ಬಾಯಿ ಹಚ್ಚಿ ಒಂದೊಂದೇ ಹೇಳತೊಡಗಿದೆ. ಈಗ ಕೆರೆ ತೋರಿಸುತ್ತಿದ್ದಾರೆ. ಅವಳು ಹಸಿರು ಸೀರೆ ಉಟ್ಟಿದ್ದಾಳೆ. ಅವನು ಅವಳನ್ನು ನೋಡಿದ, ಅವಳು ನೋಡಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಒಬ್ಬರು ಎರಡು ಸಲ ತಿರುಗಿ ನೋಡಿದರು. ಮೂರನೆಯ ಸಲ, ಮಾತಾಡುವುದಿದ್ದರೆ ಹೊರಗೆ ಹೋಗಿರಿ ಎಂದು ಗದರಿದರು. ನಾನು ಕುಗ್ಗಿಹೋದೆ. ನೀವೇ ಮುಂದೆ ಬಾಗಿ, ತ್ರಾಸಾಯಿತೇನು, ನನಗೆ ಕಣ್ಣು ಕಾಣುವುದಿಲ್ಲ, ನನ್ನ ಸೊಸೆ ನನಗೆ ಸಿನಿಮಾ ತೋರಿಸುತ್ತಿದ್ದಾಳೆ ಎಂದಿರಿ. 'ತೋರಿಸುತ್ತಿದ್ದಾಳೆ' ಎಂದಿರಿ, ಅತ್ತೆ. ಆ ಮನುಷ್ಯ ಮುಂದೆ ತಿರುಗಿ ಕೂತರು. ಇಂಟರ್ವಲ್ ಆದ ಮೇಲೆ ಅವರು ತಮ್ಮ ಜಾಗ ಬಿಟ್ಟು ದೂರ ಹೋಗಿ ಕೂತಿದ್ದರು. ಪಕ್ಕದವರಿಗೂ ಹೇಳಿದ್ದರೋ ಏನೋ, ನಮ್ಮ ಮುಂದಿನ ನಾಲ್ಕು ಕುರ್ಚಿ ಖಾಲಿ ಇದ್ದವು.

ಆ ವರ್ಷದ ಡಿಸೆಂಬರಿನಲ್ಲೇ ನಮ್ಮ ಈ ಪದ್ಧತಿ ಶುರುವಾಯಿತು. ಹೆಸರು ಗೊತ್ತಿಲ್ಲದ ಆ ಮನುಷ್ಯನನ್ನು ನೆನೆಯದೆ ಕ್ಯಾಲೆಂಡರ್ ಇಳಿಸಬಾರದು ಎಂದವರು ನೀವು.

ಆಮೇಲಿನ ಮೂರು ವರ್ಷ ಒಳ್ಳೆಯವೇ ಅಲ್ಲವೇ? ಬೆಳಿಗ್ಗೆ ನಿಮಗೆ ಎರಡು ಪೇಪರ್ ಓದುತ್ತಿದ್ದೆ, ಕನ್ನಡದ್ದು ಸರಾಗವಾಗಿ, ಮರಾಠಿಯದು ತಡವರಿಸುತ್ತ. ನನ್ನ ಮರಾಠಿಗೆ ನೀವು ನಕ್ಕರೆ ಹಿತ್ತಲಿನ ಕಾಗೆ ಹಾರುತ್ತಿತ್ತು. ಲೈಬ್ರರಿಯಿಂದ ತಂದ ಕಾದಂಬರಿಗಳಲ್ಲಿ ಗುಡ್ಡ ಬೆಟ್ಟದ ವರ್ಣನೆ ಬಂದರೆ, "ಗುಡ್ಡಾ ನಾ ನೋಡೇನಿ, ಮುಂದ ಓದು" ಎನ್ನುತ್ತಿದ್ದಿರಿ. ಆದರೆ ಒಂದು ಮಾತ್ರ ಮೊದಲಿನಂತೆ ಆಗಲಿಲ್ಲ. ನೀವು ಹೆಂಗಸರಿಗೆ ಕತೆ ಹೇಳುವುದನ್ನು ಬಿಟ್ಟಿರಿ. ಸೋಮವಾರ ಅವರು ಬಂದರೆ, ಸುಮನ ಹೇಳುತ್ತಾಳೆ, ಅವಳು ಕಣ್ಣಾರೆ ನೋಡಿದವಳು ಎನ್ನುತ್ತಿದ್ದಿರಿ. ನಾನು ಹೇಳುತ್ತಿದ್ದೆ, ಒಂದು ದೃಶ್ಯವೂ ತಪ್ಪದಂತೆ. ಅಕ್ಕಿ ಆರಿಸುವ ಕೈ ಒಂದೂ ನಿಲ್ಲಲಿಲ್ಲ. ಬರುಬರುತ್ತ ಒಬ್ಬರಿಗೆ ಮೈಯಲ್ಲಿ ಹುಷಾರಿಲ್ಲ, ಒಬ್ಬರಿಗೆ ಮನೆಯಲ್ಲಿ ಬೀಗರು. ಕೊನೆಗೆ ಯಾರೂ ಬರಲಿಲ್ಲ.

ನಾನೊಂದು ಸಲ ತಪ್ಪಾಯಿತು ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದದ್ದು ಎಷ್ಟು ಸಲವೋ. ನಿಮಗೆ ಔಷಧ ಹಾಕುವಾಗ, ಜಡೆ ಹೆಣೆಯುವಾಗ, ಸಂಜೆ ಗಾಡಿಯ ಕಿಟಕಿಯಲ್ಲಿ ದೇಸೂರಿನ ಗದ್ದೆಗಳು ಹಿಂದೆ ಸರಿಯುವಾಗ. ಇನ್ನೊಂದು ದಿನ ಅಂದರಾಯಿತು ಎಂದುಕೊಳ್ಳುತ್ತ... ಶಿವರಾತ್ರಿ ಕಳೆದು ನಾಲ್ಕನೆಯ ದಿನ ಮಧ್ಯಾಹ್ನ ನೀವು ಮಲಗಿದವರು ಏಳಲಿಲ್ಲ. ಆ ಹೆಂಗಸರೆಲ್ಲ ನಿಮ್ಮನ್ನು ಸುಳ್ಳಿ ಎಂದುಕೊಂಡರು ಎಂಬ ನೋವು ಹೊತ್ತುಕೊಂಡೇ ನೀವು ಹೋದಿರೇನೋ ಎಂದು ಈ ವರ್ಷವಿಡೀ ಕೊರಗಿದ್ದೇನೆ.

ಈ ವರ್ಷದ್ದು ಹೇಳುತ್ತೇನೆ, ಕೇಳಿ. ಪುಸ್ತಕ, ನಾವು ಅರ್ಧಕ್ಕೆ ಬಿಟ್ಟದ್ದೇ. ಕಾರಹುಣ್ಣಿಮೆಯ ತನಕ ಅದನ್ನು ಮುಟ್ಟಲಾಗಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಗಟ್ಟಿಯಾಗಿ ಓದಿ ಮುಗಿಸಿದೆ. ಗುಡ್ಡ ಬಂದಲ್ಲೆಲ್ಲ ಹಾರಿಸಿದೆ. ಸುದ್ದಿ, ನಮ್ಮ ದೇಶದವನೊಬ್ಬ ಆಕಾಶದಾಚೆಗೆ ಹೋಗಿ ಎಂಟು ದಿನ ಅಲ್ಲಿದ್ದು ಬಂದ. ಅಲ್ಲಿಂದ ಕಣಕುಂಬಿ ಕಾಣುತ್ತದೇನು ಎಂದು ನೀವು ಖಂಡಿತ ಕೇಳುತ್ತಿದ್ದಿರಿ. ದಿಲ್ಲಿಯಲ್ಲಿ ಆದದ್ದು, ಭೋಪಾಳದಲ್ಲಿ ಆದದ್ದು ಬರೆಯುವುದಿಲ್ಲ. ಆ ಪೇಪರುಗಳನ್ನು ಓದುವಾಗ ನೀವು ಕೇಳುತ್ತಿಲ್ಲವಲ್ಲ ಎಂದು ಮೊದಲ ಬಾರಿ ಸಮಾಧಾನವಾಯಿತು. ಸಿನಿಮಾ ಒಂದೇ ಒಂದು ನೋಡಿದೆ. ದೀಪ ಆರಿದ ಕೂಡಲೇ ನನ್ನ ತುಟಿ ತಾನಾಗಿ ಅಲ್ಲಾಡತೊಡಗಿತು. ಪಕ್ಕದ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಕತೆ ಏನಿತ್ತು ಎಂದು ಈಗ ಕೇಳಿದರೆ ನನಗೆ ನೆನಪಿಲ್ಲ.

ಇನ್ನು ನೆನೆಯಬೇಕಾದ ಮನುಷ್ಯ. ನಮ್ಮ ಬಾಜು ಮನೆಯ ಶಾಂತಕ್ಕ. ಸೋಮವಾರಗಳಂದು ಯಾರ ಮಾತಿಗೂ ಹೋಗದೆ ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂಡುತ್ತಿದ್ದವಳು. ಮೊನ್ನೆ ಗುರುವಾರ ಮಧ್ಯಾಹ್ನ ಒಂದು ಬಟ್ಟಲು ಹುಗ್ಗಿ ತಂದುಕೊಟ್ಟು, ಹೋಗದೆ ಕೂತಳು. ಮಾತಿಗೆ ಮಾತು ಬಂದು ನನ್ನ ಎದೆಯಲ್ಲಿದ್ದದ್ದನ್ನೆಲ್ಲ ಅವಳ ಮುಂದೆ ಹೇಳಿಬಿಟ್ಟೆ. ನಾನು ಎಲ್ಲರೆದುರು ನಿಮ್ಮನ್ನು ತಿದ್ದಿದ್ದು, ನೀವು ಆಮೇಲೆ ಬಾಯಿ ತೆರೆಯದೇ ಹೋದದ್ದು. ಶಾಂತಕ್ಕ ಸೀರೆಯ ನೂಲೊಂದನ್ನು ಎಳೆದು ಬೆರಳಿಗೆ ಸುತ್ತಿಕೊಂಡಳು.

"ಆ ಸಿನಿಮಾ ನಾ ಎಂಟ ದಿನಾ ಮದಲ ನಮ್ಮ ತಂಗಿ ಕೂಡ ನೋಡಿದ್ದೆ," ಎಂದಳು. "ಬಾಗಲಾ ತಗಿಯೂದಿಲ್ಲ ಅನ್ನೂದು ನನಗೂ ಗೊತ್ತಿತ್ತು."

ನಾನು ಬೆಚ್ಚಿದೆ. ಮತ್ತೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ಅವಳ ಗಂಡ ಹಿಂಡಲಗಾದ ಜೈಲಿನಲ್ಲಿದ್ದದ್ದು, ಬಿಡುಗಡೆಯಾಗಿ ಬಂದರೆ ಮನೆಗೆ ಸೇರಿಸಬೇಕೋ ಬೇಡವೋ ಎಂದು ಅವಳು ಆ ದಿನಗಳಲ್ಲಿ ಒಳಗೊಳಗೇ ಬೇಯುತ್ತಿದ್ದದ್ದು ಅವಳು ಹೇಳುವ ತನಕ ನನಗೆ ಗೊತ್ತಿರಲಿಲ್ಲ. ಕೆಲಸಕ್ಕೆಂದು ದೂರದ ಊರಿಗೆ ಹೋಗಿದ್ದಾನೆ ಎಂದೇ ಓಣಿಯೆಲ್ಲ ನಂಬಿತ್ತು. ನಿಮಗೆ ಮಾತ್ರ ಗೊತ್ತಿತ್ತಂತೆ. ಅವಳೇ ಒಮ್ಮೆ ನಿಮ್ಮ ಮುಂದೆ ಅತ್ತಿದ್ದಳಂತೆ.

"ಸಿನಿಮಾ ನೋಡಿ ಬಂದ ಮ್ಯಾಲೆ ನನಗ ಊಟ ಹತ್ತಿರಲಿಲ್ಲ," ಎಂದಳು ಶಾಂತಕ್ಕ. "ನಿಮ್ಮತ್ತಿ ಆ ಬಾಗಲಾ ತಗಿಸಿದ್ರು ನೋಡ, ಅವತ್ತ ಮನಿಗಿ ಹೋಗಿ ಹೊಟ್ಟಿತುಂಬ ಉಂಡೆ. ನೀ ಅಂದದ್ದು ನನಗ ಕಿವ್ಯಾಗ ಬೀಳಲೇ ಇಲ್ಲ, ತಂಗಿ."

ಉಳಿದವರೂ ಅಷ್ಟೇ ಎಂದಳು. ನಿಮಗೆ ಕಣ್ಣು ಕಾಣುವುದಿಲ್ಲ ಎಂದು ನನಗಿಂತ ಮೊದಲೇ ಅವರೆಲ್ಲ ಅರಿತಿದ್ದರಂತೆ. ಯಾರೂ ಸಿನಿಮಾ ಕೇಳಲು ಬರುತ್ತಿರಲಿಲ್ಲ, ನೀವು ಹೇಳುವುದನ್ನು ಕೇಳಲು ಬರುತ್ತಿದ್ದರು.

ಈಗ ಒಂದು ಯೋಚನೆ ಬಿಡದೆ ಬರುತ್ತಿದೆ, ಅತ್ತೆ. ನೀವು ವಾದ್ಯದ ಸದ್ದಿನಲ್ಲಿ ತೋಚಿದ್ದನ್ನು ಹೇಳಿದಿರೋ, ಅಥವಾ ಮೂಲೆಯಲ್ಲಿ ಶಾಂತಕ್ಕ ಕೂತಿದ್ದಾಳೆಂದು ತಿಳಿದೇ...? ಯಾರನ್ನು ಕೇಳಲಿ?

ನಿಮಗೆ ತಲುಪದ ಸುದ್ದಿ ಇದೊಂದು ಉಳಿದಿದೆ. ಶಾಂತಕ್ಕನ ಗಂಡ ದೀಪಾವಳಿಗೆ ಬಿಡುಗಡೆಯಾಗಿ ಬಂದ. ಬೆಳಗಾವಿಯ ಆಟೋ ನಗರದ ಒಂದು ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿದೆ. ಬೆಳಗಿನ ಗಾಡಿಗೆ ಹೋಗಿ ಸಂಜೆಯ ಗಾಡಿಗೆ ಬರುತ್ತಾನೆ, ಕೈಯಲ್ಲಿ ಅವಳು ಕಟ್ಟಿಕೊಟ್ಟ ಬುತ್ತಿ ಇರುತ್ತದೆ. ಮೊದಲ ದಿನ ಅವನು ಬಂದು ಅಂಗಳದಲ್ಲಿ ನಿಂತಾಗ ಅವಳು ಏನೂ ಅನ್ನಲಿಲ್ಲವಂತೆ. ಕಾಲಿಗೆ ನೀರು ಕೊಟ್ಟಳಂತೆ.

ನಿಮ್ಮ,
ಸುಮನ