ರೈಲು ಕೂಗುವ ಹಾಡಿಗೆ ಮೊದಲ ಸ್ಥಾನ

ಮಗಳೇ ಚಂದ್ರಿಕಾ,

ಮಾರಂಡಹಳ್ಳಿಯ ಟೀ ಅಂಗಡಿಯಲ್ಲಿ ಇವತ್ತು ಮಹಾಯುದ್ಧವೇ ನಡೆಯಿತು, ಕೇಳು. ನಿನಗೆ ಪ್ರಾಣವಾಗಿದ್ದ ಆ ಇಂಗ್ಲಿಷ್ ರಾಕ್ ಗಾಯಕ ತೀರಿಕೊಂಡನಂತೆ. ಅವನ ಹಾಡುಗಳಲ್ಲಿ ಯಾವುದು ಮೊದಲು, ಯಾವುದು ಎರಡನೆಯದು ಎಂದು ಹುಡುಗರು ಕಾದಾಡುತ್ತಿದ್ದರು. ಆಯುಷ್ಯವೆಲ್ಲ ಭೀಮನ ವೇಷ ಕಟ್ಟಿದ ಈ ಗಂಟಲು ಸುಮ್ಮನಿದ್ದೀತೇ? ಗೋಡೆಯಾಚೆ ನಿನ್ನ ಕೋಣೆಯಲ್ಲಿ ನೀನು ಮತ್ತೆ ಮತ್ತೆ ಹಾಕುತ್ತಿದ್ದ ಹಾಡು ನೆನಪಾಗಿ, "ರೈಲು ಕೂಗೋ ಹಾಡೇ ಮೊದ್ಲು" ಎಂದು ಗರ್ಜಿಸಿದೆ.

"ಎನ್ನ ಮಾಮಾ, ನಿಮ್ಗೆ ಇದೆಲ್ಲ ಎಂಗ್ ಗೊತ್ತು?" ಎಂದು ಆ ಹುಡುಗರಲ್ಲೊಬ್ಬ, ರವಿಶಂಕರ, ತಮಿಳು ಬೆರೆಸಿ ಕೇಳಿ ನಕ್ಕ.

"ನನ್ ಮಗಳು ಏಳ್ಕೊಟ್ಟವಳೆ ಕಣ್ಲಾ."

"ಅಂಗಾದ್ರೆ ಅಕ್ಕಂಗೇ ಫೋನ್ ಆಕಿ, ತೀರ್ಪು ಆಗೋಗ್ಲಿ."

ನೀನು ಮನೆ ಬಿಟ್ಟು ಹೋಗಿ ಮದುವೆಯಾದ ಮೇಲೆ ನಿನ್ನ ನಂಬರು ನನ್ನ ಬಳಿ ಇಲ್ಲ. ಆದರೂ ಫೋನನ್ನು ಸುಮ್ಮನೆ ಕಿವಿಗಿಟ್ಟು ಮಾತಾಡಿದೆ. ನಡುನಡುವೆ ನಿನ್ನ ಮಾತಿಗೆ ಜಾಗ ಬಿಟ್ಟೆ, ಹೂಂಗುಟ್ಟಿದೆ, ನಕ್ಕೆ ಕೂಡ. ನೀನೂ ಅದೇ ಹಾಡು ಎಂದೆಯೆಂದು ಸಾರಿದೆ. ಎಲ್ಲರೂ ಒಪ್ಪಿಕೊಂಡರು.

"ಅಕ್ಕ ಇನ್ನೇನಂದ್ರು ಮಾಮಾ?" ರವಿಶಂಕರ ಕೇಳಿದ.

ಫೋನನ್ನು ಜೇಬಿಗಿಳಿಸಿದೆ.

"ಊಟ ಆಯ್ತಾ ಅಂತ ಕೇಳಿದ್ಲು" ಎಂದೆ, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ.