ಹಿಂಬಾಗಿಲಿನ ನಕ್ಷೆ

ಬುಧವಾರ, ನವೆಂಬರ್ ೧೯
ಅಂಗಡಿಯಿಂದ

ಪ್ರೀತಿಯ ಅಕ್ಕ,

ಹೇಗಿದ್ದೀಯ? ಮಂಡಿ ನೋವು ಇಳಿಯಿತೆ, ಇಲ್ಲ ಇನ್ನೂ ಮೆಟ್ಟಿಲು ಹತ್ತುವಾಗೆಲ್ಲ ಮನೆ ಕಟ್ಟಿದವನಿಗೆ ಶಾಪ ಹಾಕುತ್ತಿದ್ದೀಯಾ? ನಿನ್ನ ಎರಡು ಪತ್ರ ಬಂದು ಒಂದೂವರೆ ತಿಂಗಳಾಯಿತು. ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಕೆಲಸ ಜಾಸ್ತಿಯಿತ್ತು ಎಂದು ಸುಳ್ಳು ಹೇಳುವುದಿಲ್ಲ. ಬರೆಯಲು ಕೂತರೆ ಒಂದೇ ವಿಷಯ ಬಾಯಿಗೆ ಬರುತ್ತಿತ್ತು, ಅದನ್ನು ಕಾಗದದ ಮೇಲೆ ಇಡಲು ಹೆದರಿಕೆಯಾಗುತ್ತಿತ್ತು. ಇವತ್ತು ಬರೆಯದೆ ವಿಧಿಯಿಲ್ಲ. ಕೊನೆಯಲ್ಲಿ ನಿನ್ನನ್ನು ಒಂದು ಕೇಳುವುದಿದೆ.

ನೀನು ಗೇಲಿ ಮಾಡುವ ನನ್ನ ಶನಿವಾರದ ಆಟ ನೆನಪಿದೆಯಲ್ಲ? ಅಂಗಡಿಯ ಹಿಂದೆ ಕಣ್ಣು ಪರೀಕ್ಷೆ ಮಾಡುವ ಕೋಣೆಯಲ್ಲಿ ಮಧ್ಯಾಹ್ನ ಎರಡಕ್ಕೆ ನಾವು ನಾಲ್ಕು ಜನ ಸೇರುತ್ತೇವೆ. ನಾನು ಕಥೆ ಹೇಳುತ್ತೇನೆ. ಉಳಿದ ಮೂವರಿಗೂ ಕಥೆಯೊಳಗೆ ಒಂದೊಂದು ಪಾತ್ರ. ತಮ್ಮ ಪಾತ್ರ ಏನು ಮಾಡುತ್ತದೆಂದು ಅವರು ಹೇಳುತ್ತಾರೆ, ಅದು ಕೈಗೂಡುತ್ತದೋ ಇಲ್ಲವೋ ದಾಳ ಹೇಳುತ್ತದೆ. ಸರ್ಕಾರಿ ಆಸ್ಪತ್ರೆಯ ನರ್ಸ್ ನಮ್ಮ ಕಳ್ಳಿ. ಬಸ್ ಡ್ರೈವರಣ್ಣ ಕುದುರೆ ಕಂಡರೆ ನಡುಗುವ ಮುದಿ ಮಂತ್ರವಾದಿ. ಮೂರನೆಯವಳು ಟೈಲರ್. ಮೂವತ್ತಾರರ ಹೆಂಗಸು, ಕಡ್ಡಿಯಂಥ ಮೈ, ಪಕ್ಕದಲ್ಲಿ ಕೂತವರಿಗೂ ಕೇಳಿಸದಂಥ ದನಿ. ಅವಳ ಪಾತ್ರ ಏಳಡಿ ಎತ್ತರದ, ಹೆಗಲ ಮೇಲೆ ಕೊಡಲಿ ಹೊತ್ತ ಗುಡುಗಮ್ಮ.

ಹೋದ ವರ್ಷ ಕಥೆಯಲ್ಲಿ ಅವರಿಗೆ ಕವಲುದಾರಿಯ ಒಂದು ಪಾಳು ಹೋಟೆಲು ಬಹುಮಾನವಾಗಿ ಸಿಕ್ಕಿತು. ಅಂದಿನಿಂದ ಯುದ್ಧ ಮೂಲೆಗೆ ಬಿತ್ತು, ಹೋಟೆಲೇ ಆಟವಾಯಿತು. ಒಂದು ಪ್ರಯಾಣ ಮುಗಿದು ಇನ್ನೊಂದು ಶುರುವಾಗುವ ನಡುವೆ ಬಿಡುವಿನ ತಿಂಗಳು ಅಂತ ಇರುತ್ತದೆ. ಆ ತಿಂಗಳಲ್ಲಿ ಮೂವರು ಪಾಲುದಾರರೂ ಹೋಟೆಲಿಗಾಗಿ ಒಂದೊಂದು ಕೆಲಸ ಮಾಡಬಹುದು. ಆಮೇಲೆ ನಾನು ದಾಳ ಹಾಕಿ, ನನ್ನ ಪಟ್ಟಿ ನೋಡಿ, ಆ ತಿಂಗಳು ಅಲ್ಲಿ ಏನಾಯಿತೆಂದು ಹೇಳುತ್ತೇನೆ. ಡ್ರೈವರಣ್ಣನಿಗೆ ಇನ್ನೊಂದು ಒಲೆ ಬೇಕು, ನರ್ಸಿಗೆ ಹಾಡುವವರಿಗೊಂದು ಕಟ್ಟೆ ಬೇಕು. ಬೋರ್ಡಿಗೆ ಯಾವ ಬಣ್ಣ ಎಂದು ಒಂದಿಡೀ ಶನಿವಾರ ಕಚ್ಚಾಡಿದರು. ನಿಜವಾದ ಪಾಲುದಾರರೂ ಅಷ್ಟು ಜಗಳವಾಡಲಿಕ್ಕಿಲ್ಲ.

ಟೈಲರ್ ಮಾತ್ರ ಬಾಗಿಲಿನ ಹಿಂದೆ ಬಿದ್ದಿದ್ದಳು. ಮೊದಲ ತಿಂಗಳು ಅಡುಗೆಮನೆಯಿಂದ ಕುದುರೆ ಲಾಯಕ್ಕೆ ಒಂದು ಹಿಂಬಾಗಿಲು ಇಡಿಸಿದಳು. ಮುಂದಿನ ತಿಂಗಳು ಅದಕ್ಕೆ ಒಳಗಿನಿಂದ ಚಿಲಕ. ಅದರ ಮುಂದಿನ ತಿಂಗಳು, ಯಾರು ಹತ್ತಿದರೂ ಕಿರುಗುಟ್ಟುವ ಹಾಗೆ ಮೆಟ್ಟಿಲ ಹಲಗೆ ಸಡಿಲಿಸಿದಳು. ಗಿರಾಕಿ ಬರುವ ದಾರಿ ಮಾಡಮ್ಮ ಎಂದರೆ ಓಡಿಹೋಗುವ ದಾರಿ ಮಾಡುತ್ತೀಯಲ್ಲ ಎಂದು ಡ್ರೈವರಣ್ಣ ನಗಿಸಿದ. ಅವಳೂ ನಕ್ಕಳು. ಹೋಟೆಲಿಗೆಂದೇ ಒಂದು ಉದ್ದನೆಯ ಪುಸ್ತಕ ಇಟ್ಟು, ಬಟ್ಟೆಯ ಮೇಲೆ ಗುರುತು ಹಾಕಿದಷ್ಟು ಅಚ್ಚುಕಟ್ಟಾಗಿ ಅದರಲ್ಲಿ ನಕ್ಷೆ ಬರೆದಿದ್ದಳು.

ಸೆಪ್ಟೆಂಬರ್ ಕೊನೆಯ ಶನಿವಾರ ದಾಳ ಬಿದ್ದು ಪಟ್ಟಿಯಲ್ಲಿ 'ಹಟಮಾರಿ ಗಿರಾಕಿ' ಬಂತು. ನಗೆಗೆಂದೇ ಬರೆದಿದ್ದು. ಒಬ್ಬ ಮನುಷ್ಯ ದಿನಾ ಬಂದು ಒಂದೇ ಮೂಲೆಯಲ್ಲಿ ಕೂರುತ್ತಾನೆ, ಏನೂ ತಿನ್ನುವುದಿಲ್ಲ, ಏಳುವುದೂ ಇಲ್ಲ ಎಂದೆ. ಎತ್ತಿ ಚರಂಡಿಗೆ ಹಾಕೋಣ ಎಂದು ನರ್ಸ್ ದಾಳಕ್ಕೆ ಕೈಹಾಕಿದಳು. ಟೈಲರ್ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಅವನನ್ನ ಹೊರಗೆ ಹಾಕಬೇಡಿ," ಅಂದಳು. "ಹೊರಗೆ ಹಾಕಿದ್ರೆ ಮತ್ತೆ ಯಾವಾಗ, ಯಾವ ಕಡೆಯಿಂದ ಬರ್ತಾನೋ ಗೊತ್ತಾಗಲ್ಲ. ಒಳಗಿದ್ರೆ ಕಣ್ಣೆದುರಿಗೆ ಇರ್ತಾನೆ."

ಯಾರೂ ನಗಲಿಲ್ಲ ಅಕ್ಕ. ನರ್ಸ್ ಮೆಲ್ಲಗೆ ಕೈ ಬಿಡಿಸಿಕೊಂಡಾಗ ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಗುರುತು ಮೂಡಿತ್ತು.

ಅವರಿಬ್ಬರೂ ಹೋದ ಮೇಲೆ ಅವಳನ್ನು ಕೂರಿಸಿಕೊಂಡು ಕೇಳಿದೆ. ಮೊದಲು, ಆಟ ತಾನೆ, ಬಿಡಿ ಎಂದಳು. ಆಮೇಲೆ ಒಂದೊಂದೇ ಹೊರಬಂತು. ಗಂಡನ ಮನೆ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತಂತೆ. ಲಾಂಡ್ರಿಯ ಮೇಲಿನ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು. ಬೇಸಿಗೆಯಲ್ಲಿ ಗಂಡ ಅವಳು ಕೆಲಸ ಮಾಡುವ ಟೈಲರ್ ಅಂಗಡಿ ಪತ್ತೆಮಾಡಿದ. ಈಗ ಹೊಡೆಯುವುದಿಲ್ಲ, ಬೈಯುವುದಿಲ್ಲ, ರಸ್ತೆಯಾಚೆ ನಿಂತಿರುತ್ತಾನೆ. ಪೊಲೀಸರಿಗೆ ಹೇಳಬಾರದಿತ್ತೇ ಎಂದೆ. ಸುಮ್ಮನೆ ನಿಂತವನ ಮೇಲೆ ಏನಂತ ದೂರು ಕೊಡುವುದು ಎಂದು ನನ್ನನ್ನೇ ಕೇಳಿದಳು. ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡಳು. ನಾನು ಹೇಳಲಿಲ್ಲ. ಅದು ನನ್ನ ತಪ್ಪು.

ಈ ತಿಂಗಳ ಮೊದಲ ವಾರ ಅವಳ ಹೋಟೆಲಿನ ಪುಸ್ತಕ ಕಾಣೆಯಾಯಿತು. ನಿಮ್ಮಲ್ಲೇ ಬಿಟ್ಟಿರಬೇಕು ಎಂದಳು, ಟೈಲರ್ ಅಂಗಡಿಯಲ್ಲೇ ಇರುತ್ತದೆ ನೋಡು ಎಂದು ನಾನಂದೆ.

ಹೋದ ವಾರ ಮಂಗಳವಾರ ಬೆಳಗ್ಗೆ ಒಬ್ಬರು ಅಂಗಡಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ನಯವಾದ ಮಾತು. ಓದುವಾಗ ಅಕ್ಷರ ಮಸುಕಾಗುತ್ತದೆ ಎಂದರು. ಒಳಗೆ ಕೂರಿಸಿ, ಪರೀಕ್ಷೆಯ ಫ್ರೇಮು ಮೂಗಿನ ಮೇಲಿಟ್ಟು, ಒಂದೊಂದೇ ಲೆನ್ಸು ಬದಲಿಸುತ್ತ ಹೋದೆ. ಈ ಕೆಲಸದಲ್ಲಿ ಎದುರಿಗಿರುವವರ ಉಸಿರು ನಮ್ಮ ಕೆನ್ನೆಗೆ ತಾಗುತ್ತದೆ. ಲೆನ್ಸಿಲ್ಲದೆಯೇ ಕೊನೆಯ ಸಾಲಿನ ಸಣ್ಣ ಅಕ್ಷರಗಳನ್ನೂ ತಪ್ಪಿಲ್ಲದೆ ಓದಿದರು. ಆಮೇಲೆ ಫ್ರೇಮು ತೆಗೆಯದೆ, ನನ್ನನ್ನೇ ನೋಡುತ್ತ ಕೇಳಿದರು:

"ನಿಮ್ಮ ಹೋಟೆಲು ಹೇಗೆ ನಡೀತಿದೆ?"

ನನಗೆ ತಿಳಿಯಲಿಲ್ಲ. ಯಾವ ಹೋಟೆಲು ಎಂದೆ.

"ಶನಿವಾರದ್ದು. ಅಡುಗೆಮನೆಯಿಂದ ಹಿಂಬಾಗಿಲು ಇಟ್ಟಿದ್ದು ಒಳ್ಳೇ ಯೋಚನೆ. ಮೂರು ಮೆಟ್ಟಿಲು ಇಳಿದು ಬಲಕ್ಕೆ, ಅಲ್ವಾ? ನಾನು ಹೋಗಿ ನೋಡ್ಕೊಂಡು ಬಂದೆ."

ಆಗ ಹೊಳೆಯಿತು. ಇವನೇ ಅವಳ ಗಂಡ, ಕಾಣೆಯಾದ ಪುಸ್ತಕ ಇವನ ಕೈಸೇರಿದೆ. ಅವಳು ಪುಸ್ತಕದಲ್ಲಿ ಬರೆದಿದ್ದು ಕಥೆಯ ಹೋಟೆಲಿನ ನಕ್ಷೆಯಲ್ಲ. ತನ್ನ ಕೋಣೆಯದು, ಲಾಂಡ್ರಿಯೊಳಗಿಂದ ಹಿಂದಿನ ಗಲ್ಲಿಗೆ ಇಳಿಯುವ ದಾರಿಯದು. ಅವನು ಬಂದರೆ ಹೇಗೆ ತಪ್ಪಿಸಿಕೊಳ್ಳುವುದೆಂದು ತಿಂಗಳುಗಟ್ಟಲೆ ನಮ್ಮ ಮುಂದೆಯೇ ಲೆಕ್ಕ ಹಾಕುತ್ತಿದ್ದಳು. ನಾವು ನಗುತ್ತಿದ್ದೆವು.

ನನ್ನ ಎರಡೂ ಕೈ ಆ ಫ್ರೇಮಿನ ಮೇಲೇ ಇದ್ದವು. ಅದನ್ನು ತೆಗೆದು ಟ್ರೇಯಲ್ಲಿಟ್ಟೆ. ನಿಮಗೆ ಕನ್ನಡಕ ಬೇಡ ಎಂದು ಹೇಗೋ ಹೇಳಿದೆ. ಎದ್ದು ಅಂಗಿ ಸರಿಮಾಡಿಕೊಂಡ, ಶನಿವಾರ ಆಟ ಎಷ್ಟು ಗಂಟೆಗೆ ಎಂದು ವಿಚಾರಿಸಿದ. ಐದಕ್ಕೆ ಎಂದೆ. ನನಗೆ ಹೊಳೆದದ್ದು ಆ ಒಂದೇ ಸುಳ್ಳು. ಥ್ಯಾಂಕ್ಸ್ ಹೇಳಿ, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋದ.

ಅಂಗಡಿ ಮುಚ್ಚಿದೆ. ಅವಳಿಗೆ ಫೋನ್ ಮಾಡಿ, ಕೆಲಸದ ಜಾಗದಿಂದ ಕದಲಬೇಡ ಎಂದೆ. ಆಣೆ ಮುರಿದು ನರ್ಸಿಗೂ ಡ್ರೈವರಣ್ಣನಿಗೂ ಎಲ್ಲ ಹೇಳಿದೆ. ನಾಲ್ವರೂ ಸೇರಿ ಅವಳ ಕೋಣೆಗೆ ಹೋದೆವು. ಹಿಂಬಾಗಿಲಿನ ಒಳಚಿಲಕ ಇರಲೇ ಇಲ್ಲ. ಅದರ ನಾಲ್ಕು ಸ್ಕ್ರೂಗಳನ್ನು ಬಿಚ್ಚಿ ಮೆಟ್ಟಿಲ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ. ರಿಪೇರಿಯವರು ಅಂತ ಒಬ್ಬರು ಬಂದಿದ್ದರಲ್ಲ ಎಂದು ಲಾಂಡ್ರಿಯವರು ಹೇಳಿದರು. ಅವಳು ಆ ಸ್ಕ್ರೂಗಳನ್ನು ಒಂದೊಂದಾಗಿ ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

ಬಟ್ಟೆಯ ಗಂಟು, ಹೊಲಿಗೆ ಯಂತ್ರ, ಒಂದು ಪಾತ್ರೆಚೀಲ. ಹದಿನಾಲ್ಕು ತಿಂಗಳ ಸಂಸಾರ ಅಷ್ಟೇ. ಮುಂಬಾಗಿಲಿನಿಂದಲೇ ಇಳಿದೆವು. ಅವನು ಎದುರುಗಡೆ, ಸ್ಕೂಟರ್ ಸಾಲಿನ ಹಿಂದೆ ನಿಂತಿದ್ದ. ನೋಡಬೇಡ, ನಡಿ ಎಂದು ನರ್ಸ್ ಅವಳ ಕಿವಿಯಲ್ಲಿ ಹೇಳಿದಳು.

"ಇಲ್ಲ, ನೋಡ್ಕೊಂಡೇ ನಡೀತೀನಿ. ಬೆನ್ನು ತಿರುಗಿಸಿದ್ರೆ ಇನ್ನೂ ಹೆದರಿಕೆ."

ಆ ರಸ್ತೆಯ ತುದಿಯವರೆಗೆ ಅವಳು ಅವನ ಮೇಲಿನ ಕಣ್ಣು ತೆಗೆಯಲಿಲ್ಲ. ಅವನು ಕದಲಲಿಲ್ಲ. ನಾನು ತಿರುಗಿದಾಗ ಮಾತ್ರ, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಳ್ಳುವವನಂತೆ ಬೆರಳೆತ್ತಿ ನಕ್ಕ.

ಠಾಣೆಗೆ ಹೋಗಿ ದೂರು ಬರೆದುಕೊಟ್ಟೆವು. ಸ್ಕ್ರೂಗಳನ್ನು ಒಂದು ಲಕೋಟೆಗೆ ಹಾಕಿಕೊಂಡರು. ಅವನನ್ನು ಕರೆಸಿ ಎಚ್ಚರಿಕೆಯನ್ನೂ ಕೊಟ್ಟರಂತೆ. ನೀವೂ ಹುಷಾರಾಗಿರಿ ಎಂದು ನಮಗೆ ಹೇಳಿದರು. ಅವಳು ಈಗ ನನ್ನ ಮನೆಯಲ್ಲಿದ್ದಾಳೆ. ನೀರು ಕಾಯುವ ಸದ್ದಿಗೂ ಬೆಚ್ಚುತ್ತಾಳೆ. ಅವಳನ್ನು ನೋಡಿ ನೋಡಿ ನಾನೂ ಬೆಚ್ಚುತ್ತೇನೆ.

ಇಷ್ಟು ಬರೆದು ಎದ್ದಿದ್ದೆ. ಈಗ ಮಧ್ಯಾಹ್ನ. ಅವನು ಅಂಗಡಿಯೆದುರಿನ ಬಸ್‌ ಸ್ಟಾಪಿನ ಬೆಂಚಿನ ಮೇಲಿದ್ದಾನೆ. ನಾಲ್ಕು ದಿನದಿಂದ ಬರುತ್ತಿದ್ದಾನೆ. ಬಸ್ಸುಗಳು ಬಂದು ಹೋಗುತ್ತವೆ, ಅವನು ಹತ್ತುವುದಿಲ್ಲ. ನನ್ನ ಮನೆ ಇನ್ನೂ ಗೊತ್ತಾಗಿಲ್ಲ ಅಂದುಕೊಂಡಿದ್ದೇನೆ. ದಿನಾ ಬೇರೆ ಬೇರೆ ದಾರಿಯಲ್ಲಿ ಮನೆಗೆ ಹೋಗುತ್ತೇನೆ. ಎಷ್ಟು ದಾರಿ ಉಳಿದಿವೆ ಹೇಳು.

ಶನಿವಾರ ನರ್ಸಿನ ಮನೆಯಲ್ಲಿ ಸೇರಿದ್ದೆವು. ಆಡುವ ಮನಸ್ಸು ಯಾರಿಗೂ ಇರಲಿಲ್ಲ. ಹೋಟೆಲಿನಲ್ಲಿ ನನ್ನ ಪಾಲು ಬಿಟ್ಟುಕೊಡುತ್ತೇನೆ, ನನ್ನಿಂದ ನಿಮಗೆಲ್ಲ ತೊಂದರೆ ಎಂದು ಟೈಲರ್ ಅಂದಳು. ಡ್ರೈವರಣ್ಣ ನನ್ನ ಕಡೆ ತಿರುಗಿ, "ಪಾಲು ಹಾಗೇ ಇರಲಿ. ಈ ಬಿಡುವಿನ ತಿಂಗಳು ಗುಡುಗಮ್ಮ ದೂರದ ಊರಲ್ಲಿ ಶಾಖೆ ತೆಗೆಯೋಕೆ ಹೋದಳು ಅಂತ ಬರ್ಕೊಳ್ಳಿ," ಅಂದ. ಅವಳು ದಾಳಕ್ಕೆ ಕೈಚಾಚಿದಳು. ಇದಕ್ಕೆ ದಾಳ ಬೇಡ ಎಂದೆ.

ಆಗಲೇ ನನಗೆ ನಿನ್ನ ನೆನಪಾಗಿದ್ದು. ಭಾವ ತೀರಿಕೊಂಡ ಮೇಲೆ ನಿನ್ನ ಮೇಲಿನ ಕೋಣೆ ಖಾಲಿಯೇ ಇದೆಯಲ್ಲ? ಅವಳನ್ನು ಕೆಲವು ತಿಂಗಳು ಇಟ್ಟುಕೊಳ್ಳುತ್ತೀಯಾ? ಅವಳ ಹೊಲಿಗೆ ಎಲ್ಲಿ ಹೋದರೂ ಅವಳಿಗೆ ಅನ್ನ ಹಾಕುತ್ತದೆ. ಡ್ರೈವರಣ್ಣ ತನ್ನ ಬಸ್ಸಿನಲ್ಲೇ ಅರ್ಧ ದಾರಿ ತಂದುಬಿಡುತ್ತಾನೆ. ಈ ಪತ್ರವನ್ನು ನರ್ಸ್ ಆಸ್ಪತ್ರೆಯ ಹತ್ತಿರದ ಡಬ್ಬಿಗೆ ಹಾಕುತ್ತಾಳೆ. ಉತ್ತರವನ್ನು ಅಂಗಡಿಗೆ ಬರೆಯಬೇಡ, ಒಳಗಿಟ್ಟಿರುವ ನರ್ಸಿನ ವಿಳಾಸಕ್ಕೆ ಬರೆ. ಒಂದು ಸಾಲು ಸಾಕು.

ಮಂಡಿಗೆ ಬಿಸಿ ಎಣ್ಣೆ ಹಚ್ಚುವುದು ಬಿಡಬೇಡ. ನೀನು ನೂರು ವರ್ಷ ಹೀಗೇ ಎಲ್ಲರನ್ನೂ ಬೈಯುತ್ತ ಚೆನ್ನಾಗಿರು. ನಮ್ಮ ಮೇಲೂ ನಿನ್ನ ಆಶೀರ್ವಾದವಿರಲಿ.

ನಿನ್ನ
ಗುಬ್ಬಿ

ಮರೆತ ಮಾತು: ಮರೆತಿರಲಿಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಆ ವರ್ಷ ನೀನು ಭಾವನನ್ನು ಬಿಟ್ಟು ಗೆಳತಿಯ ಮನೆಯಲ್ಲಿ ಹನ್ನೊಂದು ದಿನ ಅಡಗಿದ್ದೆಯಲ್ಲ, ಭಾವನಿಗೆ ಆ ವಿಳಾಸ ಹೇಳಿದವರು ಅಮ್ಮ ಎಂದೇ ನೀನು ತಿಳಿದಿರುವೆ. ಅದಕ್ಕೇ ನೀನು ಅಮ್ಮನ ಜೊತೆ ಮಾತು ಬಿಟ್ಟೆ, ಅವಳು ಆಸ್ಪತ್ರೆಯಲ್ಲಿದ್ದಾಗಲೂ ನೋಡಲು ಬರಲಿಲ್ಲ. ಹೇಳಿದ್ದು ಅಮ್ಮನಲ್ಲ. ನಾನು. ಅವತ್ತು ಭಾವ ಫೋನ್ ಮಾಡಿ, ಮಾತ್ರೆ ಬಿಟ್ಟುಹೋಗಿದ್ದಾಳೆ ಪಾಪ, ತಲುಪಿಸಬೇಕು ಎಂದು ನಯವಾಗಿ ಕೇಳಿದರು. ಹತ್ತೊಂಬತ್ತು ವರ್ಷದ ನಾನು ರಸ್ತೆ, ಮನೆ ನಂಬರು, ಯಾವ ಮಹಡಿ, ಎಲ್ಲ ಹೇಳಿದೆ. ಅಮ್ಮನಿಗೆ ಗೊತ್ತಿತ್ತು. "ಅವಳಿಗೆ ತಂಗಿಯಾದರೂ ಉಳೀಲಿ" ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಸುಮ್ಮನಿದ್ದುಬಿಟ್ಟಳು. ಹೂಂ ಅನ್ನುವ ಮೊದಲು, ನಿನ್ನ ವಿಳಾಸ ಯಾರ ಕೈಯಲ್ಲಿದೆ ಎಂಬುದು ನಿನಗೆ ಗೊತ್ತಿರಬೇಕು ಅಕ್ಕ.